ಅವ್ವ ದೆವ್ವವಾದ ಬೇಸಿಗೆ

ಕಚೇರಿಯ ಕಾಗದವೆಲ್ಲ ಉರ್ದುವಿನಲ್ಲಿ, ಮನೆಯ ಜಗಳವೆಲ್ಲ ಕನ್ನಡದಲ್ಲಿ ನಡೆಯುತ್ತಿದ್ದ ನಿಜಾಮರ ಕಾಲ ಅದು. ನಮ್ಮ ಲಿಂಗಸುಗೂರಿಗೆ ಇನ್ನೂ ಕರೆಂಟು ಬಂದಿರಲಿಲ್ಲ. ಹಾಗಾಗಿ ದೆವ್ವಗಳಿಗೇನೂ ಕೊರತೆ ಇರಲಿಲ್ಲ. ಬಾವಿಯ ದಂಡೆಯ ಹುಣಸೆಮರದಲ್ಲಿ ಒಬ್ಬಳಿದ್ದಳು. ಹಿಂದೆ ದಂಡು ಇದ್ದ ಛಾವಣಿಯ ಪಾಳುಬಂಗಲೆಯಲ್ಲಿ ಬೂಟು ಹುಡುಕುತ್ತ ತಿರುಗುವ ಒಬ್ಬ ಸಾಹೇಬನಿದ್ದ. ಇವರೆಲ್ಲ ಕತ್ತಲಿನವರು. ಇವರಿಗಿಂತ ಕೆಟ್ಟವರೆಂದರೆ ಮಟಮಟ ಮಧ್ಯಾಹ್ನದವರು. ಬಿಸಿಲು ನೆತ್ತಿಗೆ ಬಂದು, ನೆರಳು ಕಾಲಡಿ ಸೇರಿಕೊಂಡಾಗ ಹೊರಗೆ ಬರುವವರು. ನಿಮ್ಮ ಊರಿನಲ್ಲೂ ಇದ್ದರು, ಇಲ್ಲವೆನ್ನಬೇಡಿ. ನಮ್ಮ ಅಜ್ಜಿ, ಅಂದರೆ ಅಪ್ಪನ ತಾಯಿ, ಆ ಹೊತ್ತಿನಲ್ಲಿ ನಮ್ಮನ್ನು ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ.

ಆ ಸಾಲಿಗೆ ನಮ್ಮ ಅವ್ವನೂ ಸೇರಿದ ವರ್ಷದ ಮಾತು ಇದು. ಆಗ ನನಗೆ ಎಂಟು ತುಂಬಿತ್ತು.

ನಮ್ಮದು ಬಳೆಗಾರರ ಮನೆ. ಅಪ್ಪ ಹೆಗಲಿಗೆ ಹುರಿಗೆ ಪೋಣಿಸಿದ ಬಳೆಯ ಮಲಾರ ಏರಿಸಿಕೊಂಡು ಮಸ್ಕಿ, ಮುದಗಲ್ಲು, ಸಿಂಧನೂರು ಅಂತ ಸಂತೆ ಸಂತೆ ತಿರುಗುತ್ತಿದ್ದ. ಮಾತು ಕಡಿಮೆ. ಏನಾದರೂ ಕೇಳಿದಾಗ ಅಪ್ಪ ಸುಮ್ಮನಿದ್ದರೆ ಹೂಂ ಅಂತ ಅರ್ಥ, ಕೆಮ್ಮಿದರೆ ಬೇಡ ಅಂತ ಅರ್ಥ. ಮನೆಯಲ್ಲಿ ಒಡೆದ ಬಳೆಯ ಚೂರುಗಳೆಲ್ಲ ನನ್ನವು. ಒಂದು ತಗಡಿನ ಡಬ್ಬಿಯಲ್ಲಿ ಹಸಿರು, ಕೆಂಪು, ಹಳದಿ ಬೇರೆ ಬೇರೆ ಮಾಡಿ ಇಟ್ಟುಕೊಂಡಿದ್ದೆ. ಓಣಿಯ ಹುಡುಗಿಯರಿಗೆ ನನ್ನ ಮೇಲೆ ಪ್ರೀತಿ ಇದ್ದದ್ದು ಆ ಡಬ್ಬಿಯ ದೆಸೆಯಿಂದ ಅಂತ ಆಗಲೇ ನನಗೆ ಗೊತ್ತಿತ್ತು.

ವೀರೇಶ ಮಾಮ ಅವ್ವನ ತಮ್ಮ. ಮೀಸೆ ಮೂಡುವ ಮುಂಚೆಯೇ ನಾಟಕದ ಕಂಪನಿಯ ಹಿಂದೆ ಓಡಿಹೋಗಿದ್ದವನು. ಆ ಕಂಪನಿ ಮುರಿದ ಮೇಲೆ ಕೊಲ್ಲಾಪುರದ ಕಡೆ ಚಿತ್ರ ತೆಗೆಯುವವರಲ್ಲಿ ಸೇರಿ, ಮೊದಲು ನೀರು ಹೊತ್ತು, ಆಮೇಲೆ ಪೆಟ್ಟಿಗೆ ಹೊತ್ತು, ಕೊನೆಗೆ ಆ ಪೆಟ್ಟಿಗೆಯ ಹಿಡಿಕೆ ತಿರುಗಿಸಲು ಕಲಿತಿದ್ದ. ಒಂದು ಸಂಕ್ರಾಂತಿ ಮುಗಿದ ವಾರ ಚಕ್ಕಡಿಯಲ್ಲಿ ಬಂದಿಳಿದ. ಜೊತೆಗೆ ಕಂಬಳಿಯಲ್ಲಿ ಸುತ್ತಿದ ಒಂದು ಕ್ಯಾಮರಾ, ಮತ್ತೆ ಅವನ ಜೊತೆಗಾರ ಕಾಸೀಮ್ ಚಾಚಾ. ಚಾಚಾ ಅದೇ ನಾಟಕದ ಕಂಪನಿಯಲ್ಲಿ ತಬಲಾ ನುಡಿಸುತ್ತಿದ್ದವರು. ಸಿಂಧನೂರಿನವರು, ಮೈ ಪೈಲ್ವಾನನದು, ಮನಸ್ಸು ಬೆಣ್ಣೆಯದು.

"ಏನೋ ವೀರೇಶ, ಹಾರ್ಮೋನಿಯಂ ಏನದು?" ಅಜ್ಜಿ ಕೇಳಿದಳು.

"ಅಲ್ಲತ್ತಿ. ಚಿತ್ರ ತೆಗಿಯೂ ಯಂತ್ರ. ನಾನ ಒಂದು ಚಿತ್ರ ಮಾಡಾಕತ್ತೀನಿ."

"ದೇವರದೇನು?"

"ದೇವರ ಚಿತ್ರ ಎಲ್ಲಾರೂ ಮಾಡ್ಯಾರ. ದೇವರ್ನ ನೋಡೀನಿ ಅನ್ನೂರು ಊರಿಗೆ ಒಬ್ರು ಸಿಗಂಗಿಲ್ಲ. ದೆವ್ವ ನೋಡೀನಿ ಅನ್ನೂರು ಓಣಿಗೆ ನಾಕು ಮಂದಿ ಅದಾರ. ನನ್ನದು ದೆವ್ವದ ಚಿತ್ರ ಅತ್ತಿ."

ಅಜ್ಜಿ ಎದ್ದು ಒಳಗೆ ಹೋದಳು. ಅವ್ವ ನಕ್ಕಳು. ಅವ್ವ ನಗುತ್ತಿದ್ದದ್ದು ನೆನಪಿದೆ. ಹೇಗೆ ನಗುತ್ತಿದ್ದಳು ಅನ್ನುವುದನ್ನು ಮುಂದೆ ಹೇಳುತ್ತೇನೆ.

ಮಾಮ ಬಂದದ್ದೇ ನಮ್ಮ ನೀರಿನ ಗಡಿಗೆಗಳ ಜಾಗ ಬದಲಾಯಿತು. ಇನ್ನೂ ಚಿತ್ರ ಮೂಡದ ರೀಲಿಗೆ ಸೆಖೆ ಆಗದಂತೆ. ಗಡಿಗೆಯ ಕೆಳಗಿನ ಒದ್ದೆ ಉಸುಕಿನಲ್ಲಿ ತಗಡಿನ ಡಬ್ಬಿಗಳನ್ನು ಹೂತಿಟ್ಟು, ಮೇಲೆ ಗೋಣಿತಟ್ಟು ಹೊದಿಸಿದ. ಕುಡಿಯುವ ನೀರಿನ ಬುಡದಲ್ಲಿ ದೆವ್ವ ಹೂತಿದ್ದಾನೆ ಎಂದು ಅಜ್ಜಿ ಪಕ್ಕದ ಮನೆಯಿಂದ ನೀರು ತರಿಸಿ ಕುಡಿಯತೊಡಗಿದಳು. ಆ ಒದ್ದೆ ಗೋಣಿಯ ವಾಸನೆಗೆ ಎಂಥದೋ ಘಾಟು ಬೆರೆತಿರುತ್ತಿತ್ತು. ಇವತ್ತಿಗೂ ಒದ್ದೆ ಗೋಣಿ ಮೂಸಿದರೆ ಆ ಗಡಿಗೆಗಳ ಸಾಲು ಕಣ್ಣ ಮುಂದೆ ಬರುತ್ತದೆ.

ಚಿತ್ರದ ಕಥೆ ದೊಡ್ಡದೇನಲ್ಲ. ಹೆಂಡತಿಯನ್ನು ಕೊಂದು ಗೋಡೆಯೊಳಗೆ ಹೂತ ಒಬ್ಬ ಸಾಹುಕಾರ. ಆಕೆ ದಿನಾ ಮಧ್ಯಾಹ್ನ ಗೋಡೆಯಿಂದ ಹೊರಗೆ ಬಂದು, ಅವನ ಮುಂದೆ ಹಾದು, ಮತ್ತೆ ಗೋಡೆಯೊಳಗೆ ಹೋಗುತ್ತಾಳೆ. ಸಾಹುಕಾರನಾಗಲು ಊರಲ್ಲಿ ಹತ್ತು ಜನ ಮುಂದೆ ಬಂದರು. ದೆವ್ವವಾಗಲು ಒಬ್ಬರೂ ಸಿಗಲಿಲ್ಲ. ನಾಟಕದ ಹೆಣ್ಣುಮಗಳೊಬ್ಬಳನ್ನು ಮಾಮ ಮುದಗಲ್ಲಿನವರೆಗೂ ಹೋಗಿ ಕೇಳಿಬಂದ. "ರಾಣಿ ಮಾಡು, ಆಗ್ತೀನಿ. ಹೆಣ ಆಗಂಗಿಲ್ಲ" ಅಂದಳಂತೆ. ಕೊನೆಗೆ ಕಾಸೀಮ್ ಚಾಚಾ ಮೀಸೆ ತೆಗೆಸಿಕೊಂಡು ಬಿಳಿ ಸೀರೆ ಉಟ್ಟರು. ನಮ್ಮ ಅಂಗಳದಲ್ಲಿ ನಾಲ್ಕು ಹೆಜ್ಜೆ ನಡೆದು ತೋರಿಸಿದರು. ಗರಡಿಮನೆಯಿಂದ ದೆವ್ವ ಬಂದ ಹಾಗಿತ್ತು. ಅವ್ವ ಬಿದ್ದು ಬಿದ್ದು ನಕ್ಕಳು. ಆಮೇಲೆ ತಮ್ಮನ ಮುಖ ನೋಡಿದಳು. ಮಾಮ ನಗುತ್ತಿರಲಿಲ್ಲ. ಮಂಡಿಗೆ ತಲೆ ಕೊಟ್ಟು ಕೂತಿದ್ದ.

"ಹತ್ತು ಹೆಜ್ಜಿ ನಡಿಯೂದಲ್ಲ? ನಾ ನಡೀತೀನಿ ತಗೋ" ಅಂದಳು ಅವ್ವ.

ಅಜ್ಜಿ ಗುಡಿಗೆ ಹೋಗಿದ್ದಳು. ಅಪ್ಪ ಮಲಾರದ ಹುರಿ ಬಿಗಿಯುತ್ತ ಅಲ್ಲೇ ಕೂತಿದ್ದ. ಎಲ್ಲರೂ ಅವನ ಕಡೆ ನೋಡಿದರು. ಅವನು ಕೆಮ್ಮಲಿಲ್ಲ.

ದೆವ್ವದ ಚಿತ್ರವನ್ನು ಕತ್ತಲಲ್ಲಿ ತೆಗೆಯುತ್ತಾರೆ ಅಂದುಕೊಂಡಿದ್ದೆ. ಅದು ಸುಳ್ಳು. ಆ ಯಂತ್ರಕ್ಕೆ ಬಿಸಿಲು ಎಷ್ಟಿದ್ದರೂ ಸಾಲದು. ಛಾವಣಿಯ ಪಾಳುಬಂಗಲೆಯ ಮಾಳಿಗೆ ಕುಸಿದು, ಒಳಗೆ ನಡುಮನೆಯವರೆಗೂ ಸೂರ್ಯ ಬೀಳುತ್ತಿದ್ದ. ಪೊಲೀಸ್ ಠಾಣೆಯ ಅಮೀನ್ ಸಾಹೇಬರ ಇಜಾಜತ್ತು, ಅಂದರೆ ಅಪ್ಪಣೆ, ಪಡೆದು ಮಾಮ ಅಲ್ಲಿ ಬಿಡಾರ ಹೂಡಿದ. ಹೀಗೆ ಊರವರೆಲ್ಲ ಯಾವ ಹೊತ್ತಿನಲ್ಲಿ ಯಾವ ಜಾಗಕ್ಕೆ ಹೋಗಬಾರದು ಅನ್ನುತ್ತಿದ್ದರೋ, ಅದೇ ಹೊತ್ತಿನಲ್ಲಿ ಅದೇ ಜಾಗಕ್ಕೆ ಅವ್ವನೂ ನಾನೂ ರೊಟ್ಟಿಯ ಬುತ್ತಿ ಕಟ್ಟಿಕೊಂಡು ಹೋದೆವು. ಅಜ್ಜಿಗೆ ಮಾತ್ರ ಬಾವಿಗೆ ಬಟ್ಟೆ ಒಗೆಯಲು ಅಂತ ಹೇಳಿ ಬೆಳಿಗ್ಗೆಯೇ ಹೊರಬಿದ್ದಿದ್ದೆವು.

ಗೋಡೆಯಿಂದ ಹೆಂಗಸು ಹೊರಬರುವ ಕರಾಮತ್ತು ಹೇಗೆಂದು ಮಾಮ ನನಗೆ ಹೇಳಿಕೊಟ್ಟ. ಮೊದಲು ಗೋಡೆ, ಮಂಚ, ಹೆದರುವ ಸಾಹುಕಾರ ಇಷ್ಟನ್ನು ತೆಗೆಯಬೇಕು. ಆಗ ಹಿಡಿಕೆಯ ಸುತ್ತು ಎಷ್ಟಾಯಿತೆಂದು ಲೆಕ್ಕ ಇಡಬೇಕು. ಆಮೇಲೆ ಕ್ಯಾಮರಾದ ಕಣ್ಣು ಮುಚ್ಚಿ, ಅಷ್ಟೇ ಸುತ್ತು ಹಿಂದಕ್ಕೆ ತಿರುಗಿಸಿ, ಗೋಡೆಗೆ ಕರಿ ಕಂಬಳಿ ಹೊದಿಸಿ, ಅದರ ಮುಂದೆ ಬಿಳಿ ಸೀರೆಯವಳನ್ನು ನಡೆಸಿ, ಅದೇ ಫಿಲ್ಮಿನ ಮೇಲೆ ಮತ್ತೊಮ್ಮೆ ತೆಗೆಯಬೇಕು. ಕರಿ ಬಣ್ಣ ಫಿಲ್ಮಿಗೆ ಕಾಣುವುದಿಲ್ಲ. ಬಿಳಿ ಸೀರೆಯವಳು ಹೊಗೆಯ ಹಾಗೆ ಗೋಡೆಯ ಮೇಲೆ ಮೂಡುತ್ತಾಳೆ. ಒಂದು ಸುತ್ತು ತಪ್ಪಿದರೂ ಎಲ್ಲ ಕಲಸುಮೇಲೋಗರ.

ಲೆಕ್ಕ ಇಡುವ ಕೆಲಸ ನನಗೆ ಬಂತು. ಹತ್ತು ಸುತ್ತಿಗೆ ಒಂದು ಬಳೆಚೂರು. ಮಾಮ ತಿರುಗಿಸುತ್ತ ಬಾಯಲ್ಲಿ ಎಣಿಸುತ್ತಿದ್ದ, ನಾನು ಕಾಲ ಬಳಿ ಕೂತು ಹಸಿರು ಚೂರು ಒಂದೊಂದೇ ಸಾಲಾಗಿ ಇಡುತ್ತಿದ್ದೆ. ಹಿಂದಕ್ಕೆ ತಿರುಗಿಸುವಾಗ ಒಂದೊಂದೇ ತೆಗೆಯುತ್ತಿದ್ದೆ. ನನ್ನ ಜನ್ಮದಲ್ಲಿ ಅಷ್ಟು ಜವಾಬ್ದಾರಿಯ ಕೆಲಸ ಮತ್ತೆ ಸಿಕ್ಕಿಲ್ಲ.

ಕಾಸೀಮ್ ಚಾಚಾ ಕ್ಷೌರಿಕನ ಅಂಗಡಿಯಿಂದ ಎರಡು ಕನ್ನಡಿ ತಂದು ಬಿಸಿಲನ್ನು ಕಂಬಳಿಯ ಕಡೆ ತಿರುಗಿಸಿ ಹಿಡಿದರು. ಅವ್ವ ಬಿಳಿ ಸೀರೆ ಉಟ್ಟು, ತಾಳಿಯನ್ನು ಸೆರಗಿನೊಳಗೆ ಮುಚ್ಚಿಕೊಂಡು ಬಂದಳು.

"ಅಕ್ಕಾ, ಬಳಿ ತಗೀಬೇಕು. ದೆವ್ವಕ್ಕ ಬಳಿ ಇರಂಗಿಲ್ಲ."

"ಬಳಿಗಾರರ ಮನಿ ಸೊಸಿ ಬಳಿ ತಗೀತಾಳೇನೋ? ನಿನ್ನ ದೆವ್ವ ಬಳಿ ಹಾಕ್ಕೊಂಡ ಸತ್ತೈತಿ ಅನ್ಕೋ."

"ಕುಂಕುಮ?"

ಅವ್ವ ಚಾಚಾ ಹಿಡಿದ ಕನ್ನಡಿಯ ಮುಂದೆ ಹೋಗಿ ನಿಂತಳು. ಆಮೇಲೆ ಸೆರಗಿನ ತುದಿಯನ್ನು ನಾಲಗೆಗೆ ತಾಗಿಸಿ ತಾನೇ ಹಣೆ ಒರೆಸಿಕೊಂಡಳು. ಹಾಗೆ ಬರಿ ಹಣೆಯ ಅವ್ವನನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಯಾರೋ ಬೇರೆ ಹೆಂಗಸು ಅನ್ನಿಸಿತು.

ಮಾಮ ತಿರುಗಿಸತೊಡಗಿದ. ನಾನು ಒಂದು ಚೂರು ಇಟ್ಟೆ, ಎರಡಿಟ್ಟೆ, ಮೂರಿಟ್ಟೆ. ಅವ್ವ ನೆಲ ನೋಡುತ್ತ ಮೆಲ್ಲಗೆ ಕಂಬಳಿಯ ಮುಂದೆ ನಡೆದಳು. ಆಚೆ ತುದಿಯಲ್ಲಿ ಕಂಬಳಿಯ ಮಡಿಕೆಯ ಹಿಂದೆ ಸರಿಯಬೇಕಿತ್ತು, ಅಷ್ಟೆ. ಆ ಬಿಸಿಲಿನಲ್ಲಿ ಆ ಕಂಬಳಿ ಕಂಬಳಿಯಾಗಿ ಕಾಣಲಿಲ್ಲ. ನೆಲಬಾವಿಯ ಬಾಯಿಯ ಹಾಗೆ ಕಂಡಿತು. ಬರಿ ಹಣೆಯ ಅವ್ವ ಅದರೊಳಗೆ ಹೋಗುತ್ತಿದ್ದಾಳೆ. ನನಗೆ ತಡೆಯಲಾಗಲಿಲ್ಲ.

"ಅವ್ವಾ" ಅಂತ ಕೂಗಿಬಿಟ್ಟೆ.

ಅವ್ವ ನಿಂತಳು. ತಿರುಗಿದಳು. ನನ್ನನ್ನು ನೋಡಿ ನಕ್ಕಳು. "ಇಲ್ಲೇ ಅದೀನಿ" ಅಂದಳು. ಆಮೇಲೆ ಮಡಿಕೆಯ ಹಿಂದೆ ಹೋದಳು.

ಮಾಮ ಕೈ ನಿಲ್ಲಿಸದೆ ಲೆಕ್ಕ ಮುಗಿಸಿದ. ಮುಗಿಸಿದ ಮೇಲೆ ನೆಲಕ್ಕೆ ಕುಕ್ಕರಿಸಿದ. ಅದೇ ಕೊನೆಯ ರೀಲು. "ಹೋತು. ದೆವ್ವ ಎಲ್ಲ್ಯರೆ ನಕ್ಕೊಂತ ಹೊಳ್ಳಿ ನೋಡ್ತೈತೇನು? ಹೋತು ನನ್ನ ಚಿತ್ರ" ಅಂದ. ನಾನು ಅಳತೊಡಗಿದೆ. ಅವ್ವ ಬಂದು, ಚಾಚಾ ಹಿಡಿದಿದ್ದ ಕನ್ನಡಿಯಲ್ಲೇ ನೋಡಿಕೊಂಡು ದೊಡ್ಡದೊಂದು ಕುಂಕುಮ ಇಟ್ಟುಕೊಂಡಳು. "ಇಬ್ಬರೂ ಅಳೂದು ಬಿಡ್ರಿ, ರೊಟ್ಟಿ ಒಣಗಾಕತ್ತಾವ" ಅಂದಳು. ಬೇವಿನ ನೆರಳಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಲೆ, ಶೇಂಗಾಹಿಂಡಿ ತಿಂದೆವು. ನನ್ನ ತುತ್ತಿನಲ್ಲಿ ಕಣ್ಣೀರಿನ ಉಪ್ಪೂ ಇತ್ತು.

ಗುಟ್ಟು ನನ್ನ ಹೊಟ್ಟೆಯಲ್ಲಿ ಒಂದು ಸಂಜೆಯೂ ನಿಲ್ಲಲಿಲ್ಲ. ಅವ್ವ ದೆವ್ವ ಆಗಿದ್ದಳು ಅಂತ ಅಜ್ಜಿಗೆ ಹೇಳಿಬಿಟ್ಟೆ. ಹಣೆ ಒರೆಸಿಕೊಂಡದ್ದನ್ನೂ ಹೇಳಿದೆ. ಅಜ್ಜಿ ಅವ್ವನನ್ನು ಬೈಯಲಿಲ್ಲ. ಆ ವಾರವೆಲ್ಲ ಅವಳ ಕೈಯ ನೀರು ಮುಟ್ಟಲಿಲ್ಲ.

ಮಾಮ ರೀಲುಗಳನ್ನು ತೊಳೆಸಿ, ಚಿತ್ರ ಮೂಡಿಸಿ ತರಲು ಕೊಲ್ಲಾಪುರಕ್ಕೆ ಹೋದ. ಮುಂಗಾರಿನ ಮೊದಲ ಮಳೆಗೆ ಊರಲ್ಲಿ ವಾಂತಿಭೇದಿ ಬಂತು. ಅವ್ವನಿಗೆ ಒಂದು ಮುಂಜಾನೆ ಶುರುವಾಗಿ ಮರುದಿನ ಸಂಜೆಗೆ ಮುಗಿಯಿತು. ಅಪ್ಪ ಅವಳ ಕೈ ತುಂಬ ಹೊಸ ಹಸಿರು ಬಳೆ ಇಟ್ಟ. ಊರಿನ ಹೆಂಗಸರಿಗೆಲ್ಲ ನೋಡದೆಯೇ ಬಳೆ ಇಡುವ ಕೈ ಅದು. ಅವತ್ತು ಒಂದು ಬಳೆಯನ್ನು ಏರಿಸಲು ಬಹಳ ಹೊತ್ತು ಹಿಡಿಯಿತು.

ಮಾಮನಿಗೆ ಸುದ್ದಿ ತಲುಪಿರಲಿಲ್ಲ. ಹತ್ತನೆಯ ದಿನವೋ ಹನ್ನೊಂದನೆಯ ದಿನವೋ, ಅವನು ಓಣಿಯ ತುದಿಯಿಂದಲೇ ಕೂಗುತ್ತ ಬಂದ. "ಅಕ್ಕಾ, ನೋಡ ಬಾ, ಎಷ್ಟ್ ಚೆಂದ ಬಂದೀದಿ." ಕೈಯಲ್ಲಿ ತಗಡಿನ ಡಬ್ಬಿ ಇತ್ತು.

ಅಜ್ಜಿ ಹೊಸ್ತಿಲಲ್ಲಿ ನಿಂತಳು. "ಗಂಡಗ ಬರೂದನ್ನ ತನ್ನ ಮ್ಯಾಲೆ ತಗೊಂಡು ಹೋಗ್ಯಾಳ ನಿಮ್ಮಕ್ಕ. ಮುತ್ತೈದಿ ಹಣಿ ಒರಸಿದಿ. ಅಕಿನ್ನ ಡಬ್ಬ್ಯಾಗ ಹಾಕ್ಕೊಂಡು ಊರೂರಿಗೆ ತೋರಸ್ತಿ? ಈ ಹೊಸ್ತಿಲ ತುಳೀಬ್ಯಾಡ."

ಮಾಮ ಡಬ್ಬಿಯನ್ನು ಎದೆಗೆ ಒತ್ತಿಕೊಂಡು ಅಂಗಳದಲ್ಲೇ ಕೂತ. ಎಷ್ಟು ಹೊತ್ತಾದರೂ ಅವನಿಗೆ ಅಳು ಬರಲಿಲ್ಲ. ಸಂಜೆ ಕಾಸೀಮ್ ಚಾಚಾ ಬಂದು ಅವನನ್ನು ಎಬ್ಬಿಸಿಕೊಂಡು ಹೋದರು.

ಆಮೇಲೆ ನನಗೆ ಒಂದು ಕಷ್ಟ ಶುರುವಾಯಿತು. ಅದನ್ನು ಯಾರಿಗೂ ಹೇಳುವಂತಿರಲಿಲ್ಲ. ಶ್ರಾವಣ ಕಳೆದು ಮಹಾನವಮಿ ಬರುವಷ್ಟರಲ್ಲಿ ಅವ್ವನ ಮುಖ ಮರೆಯತೊಡಗಿತು. ರೊಟ್ಟಿ ಬಡಿಯುವ ಕೈ ನೆನಪಾಗುತ್ತಿತ್ತು. ಸೆರಗಿನ ಹೊಗೆವಾಸನೆ ನೆನಪಾಗುತ್ತಿತ್ತು. ಮುಖ ಮಾತ್ರ ಒಂದು ದಿನ ಹುಬ್ಬಿಲ್ಲದೆ, ಒಂದು ದಿನ ಬಾಯಿಲ್ಲದೆ ಬರುತ್ತಿತ್ತು. ಭಾವಚಿತ್ರ ತೆಗೆಸುವ ರೂಢಿ ಬಡವರ ಮನೆಯಲ್ಲಿ ಇರಲಿಲ್ಲ. ಈ ಲೋಕದಲ್ಲಿ ಅವ್ವನ ಮುಖ ಇದ್ದದ್ದು ಒಂದೇ ಕಡೆ, ಮಾಮನ ಡಬ್ಬಿಯಲ್ಲಿ. ಅದನ್ನು ಒಮ್ಮೆ ನೋಡಿದರೆ ಸಾಕು, ಮತ್ತೆ ಮರೆಯುವುದಿಲ್ಲ ಅಂತ ನಾನು ಎಲ್ಲ ದೇವರಿಗೂ ಮಾತು ಕೊಟ್ಟಿದ್ದೆ.

ಬನ್ನಿ ಮುಡಿದ ವಾರ, ಊರೂರಿಗೆ ಚಿತ್ರ ತೋರಿಸುತ್ತಿದ್ದ ಮಾಮನ ಡೇರೆ ಲಿಂಗಸುಗೂರಿಗೇ ಬಂತು. ಅಜ್ಜಿ ನನ್ನನ್ನು ಒಳಗೆ ಹಾಕಿ ಅಗುಳಿ ಹಾಕಿದಳು. ಆಟ ನಡೆದ ಐದೂ ಸಂಜೆ ನಾನು ಗೋಡೆಗೆ ಕಿವಿ ಕೊಟ್ಟು ಕೂತೆ. ದೂರದಲ್ಲಿ ಕಾಸೀಮ್ ಚಾಚಾ ಬಾರಿಸುವ ನಗಾರಿ ಕೇಳುತ್ತಿತ್ತು. ಆಗಿನ ಚಿತ್ರಕ್ಕೆ ಮಾತಿರಲಿಲ್ಲ, ಪರದೆಯ ಮಗ್ಗುಲಲ್ಲಿ ಕೂತವರದೇ ಸದ್ದು. ನಗಾರಿ ಜೋರಾಗುತ್ತ ಜೋರಾಗುತ್ತ ಹೋಗಿ ಒಮ್ಮೆಲೇ ನಿಲ್ಲುತ್ತಿತ್ತು. ಹಿಂದೆಯೇ ಊರಿಗೆ ಊರೇ ಚೀರುತ್ತಿತ್ತು.

ಮೊದಲ ಆಟದ ಮಾರನೆಯ ಬೆಳಿಗ್ಗೆ ಪಕ್ಕದ ಮನೆಯ ನನ್ನ ಗೆಳತಿ ಹಸೀನಾ ಬಂದಳು. ಅವಳು ಅಣ್ಣನ ಜೊತೆ ಹೋಗಿ ನೋಡಿದ್ದಳು.

"ಯಾವಾಗ ಚೀರಿದ್ರೇ?" ಅಂತ ಕೇಳಿದೆ.

"ನಿಮ್ಮವ್ವ ಹೊಳ್ಳಿ ನೋಡಿ ನಗ್ತಾಳಲ್ಲ, ಆವಾಗ. ನಾ ಕಣ್ಣ ಮುಚ್ಕೊಂಡೆ. ಆಮ್ಯಾಲೆ ಏನೋ ಅಂತಾಳ. 'ನಿನ್ನ ಒಯ್ತೀನಿ' ಅಂತಾಳಂತ."

ಕೆಟ್ಟುಹೋಯಿತು ಅಂತ ಮಾಮ ಹಣೆ ಬಡಿದುಕೊಂಡಿದ್ದನಲ್ಲ, ಅದೇ ಜಾಗ ಚಿತ್ರವನ್ನು ಗೆಲ್ಲಿಸಿತ್ತು. ಗೋಡೆಯಿಂದ ಬರುವ ದೆವ್ವಕ್ಕೆ ಜನ ಅಷ್ಟೇನೂ ಹೆದರಲಿಲ್ಲ. ತಿರುಗಿ, ನಿಂತು, ಪ್ರೀತಿಯಿಂದ ನಗುವ ದೆವ್ವಕ್ಕೆ ಎದೆ ಒಡೆದುಕೊಂಡರು. ಒಂದೇ ವಾರದಲ್ಲಿ ಓಣಿಯ ಹುಡುಗ ಹುಡುಗಿಯರಿಗೆಲ್ಲ ಹೊಸ ಆಟ ಬಂತು. ಒಬ್ಬರು ತಲೆಗೆ ಬಿಳಿ ಪಂಚೆ ಹೊದ್ದು ನಡೆಯಬೇಕು, ಉಳಿದವರು ಹಿಂದೆ ಹೋಗಬೇಕು, ಅವರು ಒಮ್ಮೆಲೇ ತಿರುಗಿ ನಕ್ಕಾಗ ಎಲ್ಲರೂ ಚೀರಿ ಓಡಬೇಕು. ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ನಾನು ಒಬ್ಬೊಬ್ಬರನ್ನೇ ಹಿಡಿದು ಮೂಲೆಗೆ ಕರೆದುಕೊಂಡು ಹೋಗುತ್ತಿದ್ದೆ. ಡಬ್ಬಿಯಿಂದ ಕೆಂಪು ಬಳೆಚೂರು ಕೊಡುತ್ತಿದ್ದೆ.

"ಹೆಂಗ ನಗ್ತಾಳ, ಇನ್ನೊಮ್ಮೆ ತೋರ್ಸು."

ಒಬ್ಬಳು ಹಲ್ಲು ಕಿಸಿದು ತೋರಿಸಿದಳು. ಇನ್ನೊಬ್ಬಳು ಕಣ್ಣು ಮೆಳ್ಳಗಣ್ಣು ಮಾಡಿ ತೋರಿಸಿದಳು. ಹಸೀನಾ ಮಾತ್ರ ಸ್ವಲ್ಪ ತಲೆ ವಾಲಿಸಿ, ಒಂದೇ ಕಡೆ ತುಟಿ ಎಳೆದು ನಕ್ಕಳು. ಅದರಲ್ಲಿ ಏನೋ ಇತ್ತು. ಅವಳನ್ನು ದಿನಕ್ಕೆ ಹತ್ತು ಸಾರಿ ನಗಿಸಿದೆ. ನನ್ನ ಡಬ್ಬಿ ಬರಿದಾಯಿತು, ಅವ್ವನ ಮುಖ ಬರಲಿಲ್ಲ.

ಡೇರೆ ಸಿಂಧನೂರಿಗೆ ಹೋಯಿತು. ಅಲ್ಲಿಂದ ಚಳಿಗಾಲಕ್ಕೆ ಮಸ್ಕಿಗೆ ಬಂತು. ಒಂದು ದಿನ ಅಪ್ಪ ಸಂತೆಗೆ ಹೊರಡುವಾಗ, "ಗಿರಿಜಾನ ಕರ್ಕೊಂಡು ಹೋಗ್ತೀನಿ. ಬಳಿ ಎತ್ತಿ ಕೊಡಾಕ ಯಾರರೆ ಬೇಕು" ಅಂದ. ಗಿರಿಜಾ ಅಂದರೆ ನಾನೇ. ಅಷ್ಟು ಉದ್ದದ ಮಾತನ್ನು ಅವನ ಬಾಯಲ್ಲಿ ಕೇಳಿದ್ದು ಅದೇ ಮೊದಲು. ಅಜ್ಜಿ ಮಗನ ಮುಖ ನೋಡಿದಳು. ಅವಳಿಗೆ ಎಲ್ಲ ತಿಳಿದಿತ್ತೆಂದು ಈಗ ನನಗನ್ನಿಸುತ್ತದೆ. "ಕಿವಿಗೆ ಬಟ್ಟಿ ಕಟ್ಟು, ಥಂಡಿ ಐತಿ" ಅಂತಷ್ಟೇ ಅಂದಳು.

ಮಸ್ಕಿಯ ಗುಡ್ಡದ ಬುಡದಲ್ಲಿ ಡೇರೆ ಹೊಡೆದಿದ್ದರು. ದೀಪ ಹಚ್ಚುವ ಹೊತ್ತಿಗೆ ಆಟ. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ, ನಡುವೆ ಹಗ್ಗ. ಬೀಡಿಯ ಹೊಗೆ, ಒಗ್ಗರಣೆ ಮಂಡಕ್ಕಿಯ ವಾಸನೆ, ತುಳಿದ ಹಸಿ ನೆಲದ ವಾಸನೆ. ಅಪ್ಪ ನನ್ನನ್ನು ನೇರ ಚಿತ್ರ ತೋರಿಸುವ ಯಂತ್ರದ ಬಳಿ ಕರೆದುಕೊಂಡು ಹೋದ. ಮಾಮ ನನ್ನನ್ನು ನೋಡಿ, ತಾನು ಕೂರುವ ಪೆಟ್ಟಿಗೆಯನ್ನು ನನಗೆ ಸರಿಸಿದ. ಅಪ್ಪ ಡೇರೆಯ ಹೊರಗೆ ಹೋಗಿ ನಿಂತ. ನೋಡಲು ಅವನಿಗೆ ಧೈರ್ಯ ಇರಲಿಲ್ಲ.

ಹಿಡಿಕೆ ತಿರುಗತೊಡಗಿತು. ಪರದೆಯ ಮೇಲೆ ಬೆಳಕು ಬಿತ್ತು. ಪಾಳುಬಂಗಲೆ ಬಂತು, ಸಾಹುಕಾರ ಬಂದ. ನಾನು ಬೆರಳಿನಲ್ಲಿ ಸುತ್ತು ಎಣಿಸುತ್ತಿದ್ದೆ. ಒಂದು ಚೂರು, ಎರಡು ಚೂರು, ಮೂರು ಚೂರು. ಗೋಡೆಯೊಳಗಿಂದ ಹೊಗೆಯ ಹಾಗೆ ಅವ್ವ ಬಂದಳು. ಅವಳ ಮೈಯ ಮೂಲಕ ಗೋಡೆಯ ಬಿರುಕು ಕಾಣುತ್ತಿತ್ತು. ಕೈಯಲ್ಲಿ ಬಳೆ ಮಿನುಗುತ್ತಿದ್ದವು. ನಗಾರಿ ಜೋರಾಯಿತು. ಇನ್ನು ಎರಡು ಹೆಜ್ಜೆಗೆ ಗೋಡೆಯೊಳಗೆ ಹೋಗುತ್ತಾಳೆ ಅನ್ನುವಾಗ ನಗಾರಿ ನಿಂತಿತು.

ಅವ್ವ ತಿರುಗಿದಳು. ನನ್ನನ್ನು ನೋಡಿ ನಕ್ಕಳು.

ಡೇರೆ ಚೀರಿತು. ಹೆಂಗಸರು ಮಕ್ಕಳ ಕಣ್ಣು ಮುಚ್ಚಿದರು. ಆ ಮುಖ ಅದೇ, ಎಡಗಡೆಯ ತುಟಿ ಮೊದಲು ಏಳುವ ಆ ನಗು ಅದೇ. ಅದು ನನ್ನದು, ಇಷ್ಟು ಜನರಲ್ಲಿ ನನ್ನೊಬ್ಬಳಿಗೆ ನಕ್ಕದ್ದು. ತುಟಿ ಅಲುಗಿದವು. ಇಲ್ಲೇ ಅದೀನಿ.

"ನಿಲ್ಲಸು ಮಾಮಾ. ನಿಲ್ಲಸು" ಅಂದೆ.

ಮಾಮನ ಕೈ ನಿಂತಿತು.

ಪರದೆಯ ಮೇಲೆ ಅವ್ವ ನಿಂತಳು. ಹಾಗೇ ನೋಡುತ್ತ ನಿಂತಳು. ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತು ಅವಳು ನನ್ನ ಮುಂದೆ ಇದ್ದಳು. ಆಮೇಲೆ ಅವಳ ಕೆನ್ನೆಯ ಮೇಲೆ ಒಂದು ಕಂದು ಮಚ್ಚೆ ಮೂಡಿತು. ಅದು ರೊಟ್ಟಿಯ ಬೊಕ್ಕೆಯ ಹಾಗೆ ಉಬ್ಬಿತು. ತುಟಿ, ಕಣ್ಣು, ಹಣೆ ಒಂದೊಂದೇ ಒಳಗೆಳೆದುಕೊಂಡು ಕುದಿದು, ಪರದೆಯೆಲ್ಲ ಬೆಳ್ಳಗಾಯಿತು.

ಫಿಲ್ಮು ಓಡುತ್ತಿದ್ದರೆ ಮಾತ್ರ ಬದುಕುತ್ತದೆ. ದೀಪದ ಮುಂದೆ ನಿಂತರೆ ಸುಡುತ್ತದೆ. ಅದು ನನಗೆ ಗೊತ್ತಿರಲಿಲ್ಲ. ಮಾಮನಿಗೆ ಗೊತ್ತಿತ್ತು. ಅವನು ಬರಿಗೈಯಿಂದ ಉರಿಯುವ ಫಿಲ್ಮನ್ನು ಎಳೆದು ಹರಿದು ಕಾಲಲ್ಲಿ ತುಳಿದ. ಉಳಿದ ರೀಲಿಗೆ ಬೆಂಕಿ ಹತ್ತಲಿಲ್ಲ. ಜನ ಹೊರಗೆ ಓಡಿದರು. ದೆವ್ವವೇ ಯಂತ್ರ ಸುಟ್ಟಿತೆಂದು ಮಸ್ಕಿಯಲ್ಲಿ ಬಹಳ ವರ್ಷ ಹೇಳುತ್ತಿದ್ದರು. ಅಪ್ಪ ಒಳಗೆ ಓಡಿಬಂದು ನನ್ನನ್ನು ಎತ್ತಿಕೊಂಡ. ಸುಟ್ಟ ವಾಸನೆ ಹಿಡಿದ ಆ ಡೇರೆಯಲ್ಲಿ ಮೂವರೂ ಅತ್ತೆವು. ಅವ್ವ ಸತ್ತಾಗ ಬಾರದ ಅಳು ಮಾಮನಿಗೆ ಅವತ್ತು ಬಂತು.

"ನಾ ಕೂಗಿದ್ದಕ್ಕ ಅವ್ವ ಸುಟ್ಟು ಹೋದ್ಳು" ಅಂದೆ.

ಮಾಮ ಬೊಕ್ಕೆ ಎದ್ದ ಕೈಯನ್ನು ನೀರಲ್ಲಿ ಅದ್ದಿಕೊಂಡು ಕೂತಿದ್ದ. "ನೀ ಕೂಗದಿದ್ರೂ ನಾ ಒಂದಿನ ನಿಲ್ಲಸ್ತಿದ್ದೆ ಗಿರಿಜಾ. ದಿನಾ ಅಲ್ಲಿ ಬಂದಾಗ ಕೈ ಮುಂದ ಹೋಗ್ತಿರ್ಲಿಲ್ಲ" ಅಂದ.

ಇದ್ದದ್ದು ಅದೊಂದೇ ಪ್ರತಿ. ಮಾಮ ಸುಟ್ಟ ತುಂಡು ತೆಗೆದು ಎರಡು ತುದಿ ಅಂಟಿಸಿದ. ಅಲ್ಲಿಂದ ಮುಂದೆ ಅವನ ದೆವ್ವ ಗೋಡೆಯಿಂದ ಬಂದು ಗೋಡೆಯೊಳಗೆ ಹೋಗುತ್ತಿತ್ತು, ಅಷ್ಟೆ. ಜನ ಚೀರಲಿಲ್ಲ. ಆಮೇಲೆ ಅವನು ಹಟ್ಟಿಯಲ್ಲಿ ಆಗ ಮುಚ್ಚಿಬಿದ್ದಿದ್ದ ಚಿನ್ನದ ಗಣಿಯ ಬಳಿ ಇನ್ನೊಂದು ಚಿತ್ರ ತೆಗೆದ. ಗಣಿಗೆ ಇಳಿದ ಒಬ್ಬ ಮೇಲೆ ಬರುವಷ್ಟರಲ್ಲಿ ನೂರು ವರ್ಷ ಕಳೆದಿರುತ್ತದೆ. ಮನುಷ್ಯರು ಹಾರುವ ಬಂಡಿಗಳಲ್ಲಿ ಓಡಾಡುತ್ತಿರುತ್ತಾರೆ. ಅವನು ತನ್ನ ಮನೆಯ ಗುರುತು ಕೇಳುತ್ತಾನೆ, ಯಾರಿಗೂ ಗೊತ್ತಿರುವುದಿಲ್ಲ. ಬಂಡಿಗಳನ್ನು ದಾರದಲ್ಲಿ ತೂಗಿಬಿಟ್ಟದ್ದು ಕಾಣುತ್ತಿತ್ತು ಅಂತ ಜನ ನಕ್ಕರು. ನನಗೆ ದಾರ ಕಾಣಲಿಲ್ಲ. ಮನೆ ಹುಡುಕುವವನು ಕಂಡ. ಅಷ್ಟರಲ್ಲಿ ಮಾತಾಡುವ ಚಿತ್ರಗಳು ಬಂದವು. ಮಾಮ ರಾಯಚೂರಿನಲ್ಲಿ ಬೇರೆ ಯಾರದೋ ಟಾಕೀಸಿನಲ್ಲಿ ಯಂತ್ರ ನಡೆಸುವ ಕೆಲಸಕ್ಕೆ ಸೇರಿ, ಅಲ್ಲೇ ಮುದುಕನಾಗಿ, ಅಲ್ಲೇ ತೀರಿಕೊಂಡ. ಅಜ್ಜಿ ಸಾಯುವ ಮುಂಚೆ ಅವನನ್ನು ಕರೆಸಿ ಒಂದು ಊಟ ಹಾಕಿದಳು ಅನ್ನುವುದನ್ನೂ ಹೇಳಬೇಕು.

ನಿಜಾಮರ ಆಳಿಕೆ ಮುಗಿದು, ನನಗೂ ಮದುವೆಯಾಗಿ ಮಕ್ಕಳಾದ ಮೇಲೆ ಒಮ್ಮೆ ಸಿಂಧನೂರಿನ ಟಾಕೀಸಿನಲ್ಲಿ ಒಂದು ದೆವ್ವದ ಚಿತ್ರ ನೋಡಿದೆ. ಬಿಳಿ ಸೀರೆಯವಳು ನಡೆಯುತ್ತಾಳೆ, ಸಂಗೀತ ಒಮ್ಮೆಲೇ ನಿಲ್ಲುತ್ತದೆ, ಅವಳು ತಿರುಗಿ ನಗುತ್ತಾಳೆ. ಟಾಕೀಸು ಚೀರಿತು. ನಾನು ಕುರ್ಚಿಯ ಕೈ ಹಿಡಿದುಕೊಂಡೆ. ಆಟ ಮುಗಿದ ಮೇಲೆ ನೇರ ಕಾಸೀಮ್ ಚಾಚಾರ ಮನೆಗೆ ಹೋದೆ. ಅವರಿಗೆ ಆಗ ಕಣ್ಣು ಮಂದವಾಗಿದ್ದವು. ನೋಡಿದ್ದನ್ನು ಹೇಳಿ, ಅದು ನಮ್ಮ ಅವ್ವನ ನಗೆಯಲ್ಲವೇ ಅಂತ ಕೇಳಿದೆ.

"ಹೌದು ಬೇಟಾ" ಅಂದರು. "ಮಸ್ಕಿಗೆ ಹೋಗೂಕಿಂತ ಮೊದಲ ಇಲ್ಲಿ ಸಿಂಧನೂರಾಗ ಒಬ್ಬ ಬಂದಿದ್ದ, ದೊಡ್ಡ ಕಂಪನಿಯಾಂವ. ನಾಕು ದಿನ ಮುಂದ ಕೂತು ಕಾಗದದಾಗ ಗೀಚ್ಕೊಂಡ. ನನ್ನ ನಗಾರಿ ಯಾವಾಗ ನಿಲ್ತೈತಿ ಅಂತ ಬರ್ಕೊಂಡ. ನಿಮ್ಮ ಮಾಮಗ ಹೇಳ್ದೆ. ಒಯ್ಯಲಿ ಬಿಡು, ಅಕ್ಕ ನಾಕು ಊರು ತಿರಗಲಿ ಅಂದ."

ಅಕ್ಕ ನಾಲ್ಕು ಊರಲ್ಲ, ನಾಡೆಲ್ಲ ತಿರುಗಿದಳು. ಆಮೇಲೆ ಬಂದ ಎಷ್ಟೋ ದೆವ್ವದ ಚಿತ್ರಗಳಲ್ಲಿ ಅವಳನ್ನು ಕಂಡಿದ್ದೇನೆ. ಒಬ್ಬರಿಂದ ಒಬ್ಬರು ಕದ್ದರು, ಮೊದಲು ಯಾರಿಂದ ಕದ್ದದ್ದೆಂದು ಕದ್ದವರಿಗೂ ಗೊತ್ತಿಲ್ಲ. ಸಿನಿಮಾದ ಚರಿತ್ರೆ ಬರೆಯುವವರ ಪುಸ್ತಕದಲ್ಲಿ ಮಾಮನ ಹೆಸರಿಲ್ಲ. ಸುಡದೆ ಉಳಿದ ಒಂದು ಚೂರು ಫಿಲ್ಮನ್ನು ಅವನು ನನಗೆ ಕೊಟ್ಟಿದ್ದ. ಅದರಲ್ಲಿ ಮುಖ ಇರಲಿಲ್ಲ, ಬಳೆ ತೊಟ್ಟ ಒಂದು ಕೈ ಮಾತ್ರ ಇತ್ತು. ಬಳೆಚೂರಿನ ಅದೇ ಡಬ್ಬಿಯಲ್ಲಿ ಇಟ್ಟಿದ್ದೆ. ವರ್ಷಗಳ ಮೇಲೆ ತೆಗೆದು ನೋಡಿದರೆ ಜೋನಿಬೆಲ್ಲದ ಹಾಗೆ ಅಂಟಾಗಿತ್ತು, ಇನ್ನೊಮ್ಮೆ ನೋಡಿದಾಗ ಕಂದು ಪುಡಿಯಾಗಿತ್ತು. ಆ ಪಾಳುಬಂಗಲೆ ಇಲ್ಲ, ಡೇರೆಗಳಿಲ್ಲ, ಮಧ್ಯಾಹ್ನದ ದೆವ್ವಗಳೂ ಇಲ್ಲ. ಅವ್ವನ ಮುಖ ಮತ್ತೆ ಮರೆತಿದೆ. ದೇವರಿಗೆ ಕೊಟ್ಟ ಮಾತನ್ನು ಉಳಿಸಿಕೊಳ್ಳಲಾಗಲಿಲ್ಲ.

ಈಗ ಮನೆಯಲ್ಲೇ ಟಿವಿ ಇದೆ. ಅಂಥ ಚಿತ್ರ ಬಂದಾಗ ಮೊಮ್ಮಗಳು ನನ್ನ ಮಡಿಲಲ್ಲಿ ಮುಖ ಹುದುಗಿಸಿ, "ಅಜ್ಜಿ, ಹೋದ್ಳಾ? ಹೋದ್ಳಾ?" ಅಂತ ಕೇಳುತ್ತಾಳೆ. ನಾನು ಕಣ್ಣು ಮುಚ್ಚುವುದಿಲ್ಲ. ಬಿಳಿ ಸೀರೆಯವಳು ತಿರುಗಿ ನಗುವಾಗ ಅವಳ ತುಟಿಯನ್ನೇ ನೋಡುತ್ತೇನೆ. ನಗುವನ್ನು ಎಲ್ಲರೂ ಒಯ್ದರು. ಮಾತನ್ನು ಯಾರೂ ಒಯ್ಯಲಿಲ್ಲ. ಆ ತುಟಿ ಒಮ್ಮೆಯೂ ಅಲುಗಿಲ್ಲ.

"ಇಲ್ಲೇ ಅದೀನಿ" ಅಂತ ಮೊಮ್ಮಗಳ ಬೆನ್ನ ಮೇಲೆ ಕೈ ಇಟ್ಟು ನಾನೇ ಹೇಳುತ್ತೇನೆ.